ಶಾಲೆಗೆ ಬೀಗ ಬಿದ್ದಾಗ

2020ರ ಮಾರ್ಚ್ ತಿಂಗಳು. ಕೊರೊನಾ ರೋಗ ಬಂತು. ಶಾಲೆಗಳಿಗೆ ಬೀಗ ಬಿತ್ತು. ಯಲಹಂಕದಲ್ಲೂ ಬಿತ್ತು. ಹೆಬ್ಬಾಳ, ಯಶವಂತಪುರದಲ್ಲೂ ಬಿತ್ತು.

ಕೆಲವು ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ಆದರೆ ಗಾರೆ ಕೆಲಸದವರ ಮನೆಯಲ್ಲಿ ಇರುವುದು ಒಂದೇ ಫೋನು. ಅದನ್ನು ಅಪ್ಪ ಕೆಲಸಕ್ಕೆ ತಗೊಂಡು ಹೋಗುತ್ತಾನೆ. ಆ ಮನೆಯ ಮಗು ಏನು ಮಾಡಬೇಕು? ಓದು ಬಿಟ್ಟರೆ ಕಲಿತದ್ದೂ ಮರೆಯುತ್ತದೆ. ಆಮೇಲೆ ಹುಡುಗ ಕೂಲಿಗೆ ಹೋಗುತ್ತಾನೆ. ಹುಡುಗಿಗೆ ಮದುವೆ ಮಾತು ಶುರುವಾಗುತ್ತದೆ.

ಆಗ ಒಂದು ಕೆಲಸ ನಡೆಯಿತು. 2020ರ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ಶುರು ಮಾಡಿತು. ಮಕ್ಕಳು ಶಾಲೆಗೆ ಬರಲಿಲ್ಲ. ಮೇಷ್ಟ್ರು, ಟೀಚರುಗಳೇ ಮಕ್ಕಳಿದ್ದ ಕಡೆ ಹೋದರು. ಮರದ ನೆರಳು, ಗುಡಿಯ ಜಗಲಿ, ಸಮುದಾಯ ಭವನ ಎಲ್ಲವೂ ಶಾಲೆಯಾದವು. ಇದಕ್ಕೆ ‘ವಠಾರ ಶಾಲೆ’ ಎಂದೂ ಹೆಸರು ಬಂತು. ಊರವರು ಜಾಗ ಬಿಟ್ಟುಕೊಟ್ಟರು. ಅದಿಲ್ಲದೆ ಪಾಠ ನಡೆಯುತ್ತಿರಲಿಲ್ಲ.

ನಮ್ಮ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ ಶಾಂತಪ್ಪ ಜಡೆಮ್ಮನವರ್ ಎಂಬ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಇದ್ದರು. ಬೇರೆ ಕಡೆಯಿಂದ ಕೂಲಿಗೆ ಬಂದವರ ಮಕ್ಕಳಿಗೆ ಅವರು ಪಾಠ ಹೇಳಿದರು. ಬೆಳಗ್ಗೆ ಪಾಠ, ಆಮೇಲೆ ಠಾಣೆ ಕೆಲಸ.

ವಿದ್ಯಾಗಮಕ್ಕೂ ತೊಂದರೆ ಬಂತು. ರೋಗ ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಒಂದರಿಂದ ಐದನೇ ತರಗತಿ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸಮುದ್ರದ ಆಚೆ ಫಿಲಿಪ್ಪೀನ್ಸ್ ಎಂಬ ದೇಶವಿದೆ. ಹಿಂದೆ ಅಲ್ಲಿ ಒಂದು ಕುಟುಂಬ ಜಾಗ ಬದಲಿಸಿದರೆ ಊರವರೆಲ್ಲ ಸೇರುತ್ತಿದ್ದರು. ಬಿದಿರಿನ ಮನೆಯನ್ನೇ ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದರು. ಇದಕ್ಕೆ ‘ಬಾಯನಿಹಾನ್’ ಎನ್ನುತ್ತಾರೆ. ನಮ್ಮ ಹೊಲದಲ್ಲಿ ಮುಯ್ಯಾಳು ಇಲ್ಲವೇ? ಹಾಗೆ. ಕೊರೊನಾ ಕಾಲದಲ್ಲಿ ಅಲ್ಲಿ ಪಾಠವನ್ನು ಕಾಗದದಲ್ಲಿ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿದರು. ಮಕ್ಕಳ ಪಕ್ಕ ಅಪ್ಪ ಅಮ್ಮ ಕೂತು ಕಲಿಸಿದರು.

ಅಕ್ಕ, ನಾವು ಏನು ಮಾಡಬಹುದು?

ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಎಂಬ ಸಮಿತಿ ಇರುತ್ತದೆ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು ಅದರ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೀಗೆ ಹೇಳುತ್ತದೆ: ಇಂಥ ಸಮಿತಿಯಲ್ಲಿ ನಾಲ್ಕು ಜನರಿದ್ದರೆ ಮೂವರು ಮಕ್ಕಳ ಪೋಷಕರೇ ಆಗಿರಬೇಕು. ಅರ್ಧದಷ್ಟು ಹೆಂಗಸರು ಇರಬೇಕು. ಅಂದರೆ ಆ ಜಾಗ ನಿಮ್ಮದು. ಸಭೆಗೆ ಹೋಗಿ. ಬರೆದದ್ದನ್ನು ಓದಿ, ಆಮೇಲೆ ಸಹಿ ಹಾಕಿ.

ಪಕ್ಕದ ಮನೆಯ ಮಗು ನಾಲ್ಕು ದಿನ ಶಾಲೆಗೆ ಹೋಗದಿದ್ದರೆ ಯಾಕೆ ಎಂದು ಕೇಳಿ. ಸಂಜೆ ಮಗುವಿನ ಪಕ್ಕ ಕೂತು ಒಂದು ಪುಟ ಓದಿಸಿ. ನಿಮಗೆ ಬರದ ಪದವನ್ನು ಮಗು ಹೇಳಿಕೊಡಲಿ. ಇಬ್ಬರೂ ಕಲಿಯುತ್ತೀರಿ.

ಓದಿ, ಮಾತಾಡಿ:
1. ಕೊರೊನಾ ಕಾಲದಲ್ಲಿ ನಿಮ್ಮ ಬೀದಿಯ ಮಕ್ಕಳಿಗೆ ಯಾರು ನೆರವಾದರು?
2. ಆಗ ಶಾಲೆ ಬಿಟ್ಟ ಮಗು ಯಾವುದಾದರೂ ಇದೆಯೇ? ಈಗ ಏನು ಮಾಡುತ್ತಿದೆ?