ಒಂದು ತೆನೆ ಜೋಳಕ್ಕೆ ಸಿಕ್ಕಿದ ಇದ್ದಲಿನ ಬೆಟ್ಟ

ಪೆನ್ಸಿಲ್ವೇನಿಯಾದ ಆಂಥ್ರಸೈಟ್ ಬಲು ಗಟ್ಟಿ ಕಲ್ಲಿದ್ದಲು, ಬೇಗ ಹೊತ್ತಿಕೊಳ್ಳುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಫಿಲಡೆಲ್ಫಿಯಾದ ಜನ ಅದನ್ನು ಬರೀ ಕಲ್ಲೆಂದು ತಳ್ಳಿಹಾಕಿದ್ದರು. ಅದಕ್ಕೆ ಬೆಲೆ ತಂದವನು ಜೊಸಾಯ ವೈಟ್.

1781ರಲ್ಲಿ ನ್ಯೂಜೆರ್ಸಿಯ ಮೌಂಟ್ ಹಾಲಿಯಲ್ಲಿ ಹುಟ್ಟಿದ, ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಈತ, ಸ್ಕೂಲ್‌ಕಿಲ್ ನದಿಯ ದಂಡೆಯಲ್ಲಿ ತಂತಿ ಕಾರ್ಖಾನೆ ನಡೆಸುತ್ತಿದ್ದ. ಬ್ರಿಟನ್ ಜೊತೆಗಿನ 1812ರ ಯುದ್ಧಕಾಲದಲ್ಲಿ ಮೆದು ಇದ್ದಲಿಗೆ ತತ್ವಾರ ಬಂತು. ಆಂಥ್ರಸೈಟ್ ತರಿಸಿದ. ಕೆಲಸಗಾರರು ಕೆದಕಿ ಕೆದಕಿ ಸೋತು, ಕುಲುಮೆಯ ಬಾಗಿಲು ಮುಚ್ಚಿ ಹೊರಟರಂತೆ. ಮರೆತ ಅಂಗಿಗಾಗಿ ಒಬ್ಬ ಹಿಂತಿರುಗಿದಾಗ ಬಾಗಿಲು ಕೆಂಪಗೆ ಕಾದಿತ್ತು! ಅದನ್ನು ಕೆದಕಬಾರದು, ಅದರ ಪಾಡಿಗೆ ಬಿಡಬೇಕು ಎನ್ನುವ ಗುಟ್ಟು ಹಾಗೆ ತಿಳಿಯಿತು.

1818ರಲ್ಲಿ ವೈಟ್ ಮತ್ತು ಜೊತೆಗಾರ ಎರ್ಸ್‌ಕಿನ್ ಹಜಾರ್ಡ್ ಲೀಹೈ ನದಿಯ ಮೇಲ್ಗಡೆಯ ಗಣಿಭೂಮಿಯನ್ನು 20 ವರ್ಷಕ್ಕೆ ಗುತ್ತಿಗೆ ಹಿಡಿದರು. ವರ್ಷದ ಗೇಣಿ ಮುಸುಕಿನ ಜೋಳದ ಒಂದೇ ತೆನೆ. ಇದ್ದಲು ಸಾಗಿಸಲಾಗದೆ, ಆ ಭೂಮಿಯ ಒಡೆತನವಿದ್ದ ಹಳೆಯ ಕಂಪನಿ ಅಷ್ಟು ಸೋತಿತ್ತು.

ವೈಟ್‌ನ ನಿಜವಾದ ಪ್ರತಿಭೆ ಕಾಣುವುದು ಇಲ್ಲಿಂದ ಮುಂದೆ ಎಂದು ನನಗನ್ನಿಸುತ್ತದೆ. ಬೇಸಿಗೆಯಲ್ಲಿ ಲೀಹೈ ತೆಳ್ಳಗೆ ಹರಿಯುತ್ತಿತ್ತು, ದೋಣಿ ತೇಲುತ್ತಿರಲಿಲ್ಲ. ಆತ ಹೊಳೆಗೆ ಒಡ್ಡು ಕಟ್ಟಿ, ನೀರಿನ ಒತ್ತಡದಿಂದಲೇ ಏಳುವ, ಬೀಳುವ ಬಾಗಿಲುಗಳನ್ನಿಟ್ಟ. ಬಾಗಿಲು ತೆರೆದಾಗ ನುಗ್ಗುವ ನೀರಿನ ಮೇಲೆ ದೋಣಿಗಳು ಇಳಿಯುತ್ತಿದ್ದವು. ಏನು ಕಟ್ಟುತ್ತಿದ್ದೀರಿ ಎಂದು ದಾರಿಹೋಕರು ಕೇಳಿ ಕೇಳಿ ಸಾಕಾದಾಗ, ಕೆಲಸಗಾರರು ‘ಕರಡಿ ಬೋನು’ ಎಂದರಂತೆ. ಆ ಹೆಸರೇ ಉಳಿಯಿತು. 1820ರಲ್ಲಿ ಫಿಲಡೆಲ್ಫಿಯಾಕ್ಕೆ 365 ಟನ್ ಇದ್ದಲು ತಲುಪಿತು. ಪ್ರವಾಹಕ್ಕೆ ಎದುರಾಗಿ ದೋಣಿಗಳು ಮರಳಲಾರವು. ಅಲ್ಲೇ ಬಿಚ್ಚಿ ಹಲಗೆಗಳನ್ನು ಮಾರಿಬಿಡುತ್ತಿದ್ದರು.

1827ರಲ್ಲಿ ಗಣಿಯಿಂದ ಲೀಹೈ ದಂಡೆಯ ಮಾಕ್ ಚಂಕ್ ಊರಿನವರೆಗೆ ಸುಮಾರು ಒಂಬತ್ತು ಮೈಲಿಯ ಹಳಿ ಬಿತ್ತು. ಇಳಿಜಾರಿನಲ್ಲಿ ಇದ್ದಲಿನ ಬಂಡಿಗಳು ತಮ್ಮ ಭಾರಕ್ಕೇ ಜಾರುತ್ತಿದ್ದವು. ಖಾಲಿ ಬಂಡಿಗಳನ್ನು ಮೇಲಕ್ಕೆಳೆಯಲು ಹೇಸರಗತ್ತೆಗಳಿದ್ದವು. ಇಳಿಯುವಾಗ ಅವೂ ಬಂಡಿಯಲ್ಲೇ ನಿಂತು ಸವಾರಿ ಮಾಡುತ್ತಿದ್ದವು. ಆ ಸುಖ ಒಮ್ಮೆ ಕಂಡ ಮೇಲೆ ಕೆಳಕ್ಕೆ ನಡೆಯಲು ಒಪ್ಪುತ್ತಲೇ ಇರಲಿಲ್ಲವಂತೆ.

ವೈಟ್ 1850ರಲ್ಲಿ ತೀರಿಕೊಂಡ. ಮುಂದೆ ಅದೇ ಹಳಿ ಪ್ರವಾಸಿಗರ ವಿನೋದ ಸವಾರಿಯಾಯಿತು. ಮಾಕ್ ಚಂಕ್‌ಗೆ ಈಗ ಜಿಮ್ ಥಾರ್ಪ್ ಎಂದು ಹೆಸರು. ಹಳಿ ಕಿತ್ತ ಜಾಡಿನಲ್ಲಿ ಇಂದು ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ.