ಝಮ್‌ಝಮ್‌ನಲ್ಲಿ ಅದ್ದಿದ ಒಂದು ಕಫನ್

ಹಜ್ಜ್ ಯಾತ್ರೆಗೆ ಹೊರಟವರ ಮನೆಯೆಂದರೆ ನಮ್ಮಲ್ಲಿ ಮದುವೆ ಮನೆ ಇದ್ದಂತೆ. ನೆಂಟರಿಷ್ಟರು, ನೆರೆಹೊರೆಯವರು ಬಂದು ಸಲಾಮ್ ಹೇಳಿ, ‘ದುಆದಲ್ಲಿ ನೆನಪಿಡಿ’ ಎಂದು ಕೇಳಿಕೊಳ್ಳುತ್ತಾರೆ. ಜೊತೆಗೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಒಬ್ಬರಿಗೆ ಝಮ್‌ಝಮ್ ನೀರು, ಇನ್ನೊಬ್ಬರಿಗೆ ಖರ್ಜೂರ, ಮತ್ತೊಬ್ಬರಿಗೆ ತಸ್ಬೀಹ್. ಹೊರಟವರು ಎಲ್ಲರಿಗೂ ‘ಇನ್‌ಶಾ ಅಲ್ಲಾಹ್’ ಎನ್ನುತ್ತಾರೆ. ಹಾಗೆ ಕೊಟ್ಟ ಮಾತುಗಳಲ್ಲಿ ಎಷ್ಟು ಮಾತು ಮರಳಿ ಬರುವಾಗ ನೆನಪಿರುತ್ತವೆ?

ಹಾಸನದ ಬಾನು ಮುಷ್ತಾಕ್ ಅವರ ಕಥೆಯೊಂದು ಈ ಪ್ರಶ್ನೆಯ ಮೇಲೆಯೇ ನಿಂತಿದೆ. ಅನುಕೂಲಸ್ಥ ಮನೆಯ ಶಾಜಿಯಾ ಪತಿಯೊಂದಿಗೆ ಹಜ್ಜ್‌ಗೆ ಹೊರಡುತ್ತಾಳೆ. ಬಡ ವಿಧವೆ ಯಾಸೀನ್ ಬುವಾ ದುಡಿದು ಕೂಡಿಟ್ಟ ಹಣವನ್ನು ಅವಳ ಕೈಗಿಟ್ಟು, ಝಮ್‌ಝಮ್ ನೀರಿನಲ್ಲಿ ಅದ್ದಿದ ಒಂದು ಕಫನ್ ತಂದುಕೊಡುವಂತೆ ಬೇಡಿಕೊಳ್ಳುತ್ತಾಳೆ. ಬುವಾಗೆ ಹಜ್ಜ್ ಮಾಡುವ ಶಕ್ತಿ ಇಲ್ಲ. ಕೊನೆಯ ಪಯಣಕ್ಕೆ ಹೊದೆಯುವ ಬಟ್ಟೆಯಾದರೂ ಆ ಪವಿತ್ರ ನೆಲ ಕಂಡು ಬರಲಿ ಎಂಬುದು ಅವಳ ಆಸೆ. ಆದರೆ ಖರೀದಿಯ ಗಡಿಬಿಡಿಯಲ್ಲಿ ಶಾಜಿಯಾಳಿಗೆ ಆ ಕಫನ್ ಮುಖ್ಯವೆನಿಸುವುದಿಲ್ಲ. ಮುಂದೊಂದು ದಿನ ಬುವಾ ತೀರಿಕೊಂಡಾಗ, ಅವಳ ಮಗ ಅದೇ ಕಫನ್ ಕೇಳಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಕಫನ್‌ಗೆ ಝಮ್‌ಝಮ್ ಸೋಕಿರಲೇಬೇಕೆಂಬ ಕಡ್ಡಾಯ ಧರ್ಮದಲ್ಲಿಲ್ಲ. ಹೆಣ್ಣಿಗೆ ಐದು ತುಂಡು ಬಿಳಿ ಬಟ್ಟೆ ಹೊದಿಸುವುದು ರೂಢಿ. ಅದು ಯಾವ ಊರಿನ ಬಟ್ಟೆ ಅಂಗಡಿಯಲ್ಲೂ ಸಿಗುತ್ತದೆ. ಹಾಗಾದರೆ ಶಾಜಿಯಾಳನ್ನು ಚುಚ್ಚುವುದು ಏನು? ಅದು ಅಮಾನತ್. ಬಡವಳ ಹಣ ಅವಳ ಕೈಯಲ್ಲಿ ಇತ್ತು, ಬಡವಳ ನಂಬಿಕೆಯೂ ಇತ್ತು. ಕೊಟ್ಟವಳು ಈಗ ಕ್ಷಮಿಸಲು ಬದುಕಿಲ್ಲ.

ಕಥೆ ಹೊರಟ ಊರು

ಹಾಸನದಿಂದ ಆಲೂರು ದಾಟಿ ಸಕಲೇಶಪುರದ ಕಾಫಿ ತೋಟಗಳತ್ತ ಸಾಗುವ ದಾರಿಯಲ್ಲಿ ಎಷ್ಟೋ ಯಾಸೀನ್ ಬುವಾಗಳಿದ್ದಾರೆ. ಮದುವೆ ಮನೆಯಲ್ಲಿ ಪಾತ್ರೆ ತೊಳೆದು, ಅಕ್ಕಿ ಆರಿಸಿ, ಸೆರಗಿನ ಗಂಟಿನಲ್ಲಿ ಕಾಸು ಕೂಡಿಡುವ ಇಂಥ ಹೆಂಗಸರನ್ನು ನಾವೆಲ್ಲ ಬಲ್ಲೆವು. ಅವರನ್ನು ಕಥೆಯ ನಡುಮನೆಗೆ ಕರೆದು ಕೂರಿಸಿದ್ದು ಬಾನು ಅವರ ಹೆಚ್ಚುಗಾರಿಕೆ.

1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಅವರ ಮನೆಮಾತು ದಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬುದು ಶಾಲೆಯ ಷರತ್ತು. ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಅವರು ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾದರು, ವಕೀಲೆಯಾದರು, ಬಂಡಾಯ ಸಾಹಿತ್ಯ ಚಳವಳಿಯೊಂದಿಗೆ ನಡೆದರು. ಅವರ ‘ಕರಿನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ನಟಿ ತಾರಾ ಅವರಿಗೆ ಅದರ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು.

ಬಾಣಂತಿತನದ ದಿನಗಳಲ್ಲಿ ಖಿನ್ನತೆಗೆ ಒಳಗಾಗಿ ಜೀವ ಕಳೆದುಕೊಳ್ಳಲು ಹೊರಟಿದ್ದನ್ನು, ಆಗ ಪತಿ ಹಸುಗೂಸನ್ನು ತಮ್ಮ ಕಾಲ ಬಳಿ ಇಟ್ಟು ತಡೆದದ್ದನ್ನು ಬಾನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ‘ಎದೆಯ ಹಣತೆ’ ಕಥೆಯಲ್ಲಿ ಗಂಡ ಬೇರೊಬ್ಬಳ ಹಿಂದೆ ಹೋದಾಗ ಮೆಹರುನ್ ಮಗುವನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮರ್ಯಾದೆಯ ಮಾತಾಡಿ ಅವಳನ್ನು ಅದೇ ಮನೆಗೆ ಮರಳಿ ಬಿಟ್ಟು ಬರುತ್ತಾರೆ. ಸಾಯಲು ಹೊರಟ ಅವಳನ್ನು ಕೊನೆಗೆ ತಡೆಯುವವಳು ಮಗಳು ಸಲ್ಮಾ. ತವರು ಕೈಬಿಟ್ಟ ಹೆಣ್ಣಿನ ಕೈಯನ್ನು ಎಳೆಯ ಹುಡುಗಿ ಹಿಡಿಯುತ್ತಾಳೆ. ಹೆರಿಗೆಯಾದ ಮಗಳು, ಸೊಸೆ ಸುಮ್ಮಸುಮ್ಮನೆ ಅಳುತ್ತಿದ್ದರೆ ‘ಹಟ’ ಎಂದು ಗದರುವ ಮೊದಲು ನಮ್ಮ ತಾಯಂದಿರು, ಅತ್ತೆಯಂದಿರು ಈ ಕಥೆಯನ್ನೊಮ್ಮೆ ಓದಬೇಕು. ಅದು ವೈದ್ಯರಿಗೆ ತೋರಿಸಬೇಕಾದ ಕಾಯಿಲೆಯಾಗಿರಬಹುದು.

ಲಂಡನ್‌ವರೆಗೆ

1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ, ಕೊಡಗಿನ ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ನಮ್ಮ ಮನೆಗಳ ಮಾತುಗಳಿಗೆ ಅವರು ಅಡಿಟಿಪ್ಪಣಿ ಹಾಕಲಿಲ್ಲ, ಓರೆ ಅಕ್ಷರದಲ್ಲಿ ಬೇರೆಯಾಗಿ ತೋರಿಸಲೂ ಇಲ್ಲ. ಓದುವವರೇ ನಮ್ಮ ಮನೆಯೊಳಗೆ ಬಂದು ಕುಳಿತು ಅರ್ಥಮಾಡಿಕೊಳ್ಳಲಿ ಎಂಬ ಧೈರ್ಯ ಅದು.

2025ರ ಮೇ 20ರಂದು ಲಂಡನ್‌ನ ಟೇಟ್ ಮಾಡರ್ನ್‌ನಲ್ಲಿ ಆ ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ಆಗ ಬಾನು ಅವರಿಗೆ 77 ವರ್ಷ. ಕನ್ನಡದ ಕೃತಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣ ಕಥೆಗಳ ಸಂಕಲನಕ್ಕೂ ಅದೇ ಮೊದಲು. 50,000 ಪೌಂಡ್ ಬಹುಮಾನ ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. ಇಪ್ಪತ್ತರ ಹರೆಯದಲ್ಲಿ ‘ಪ್ರಜಾಮತ’ದಲ್ಲಿ ಮೊದಲ ಕಥೆ ಕಂಡವರು ಈ ಪ್ರಯಾಣಕ್ಕಾಗಿ ಸುಮಾರು ಅರ್ಧ ಶತಮಾನ ಬರೆಯುತ್ತಲೇ ಇದ್ದರು.

ಅವರ ಎಲ್ಲ ಅಭಿಪ್ರಾಯಗಳನ್ನೂ ಎಲ್ಲರೂ ಒಪ್ಪಬೇಕೆಂದಿಲ್ಲ. ಒಪ್ಪದವರೂ ಅವರ ಕಥೆಗಳಲ್ಲಿ ತಮ್ಮ ಅಕ್ಕನನ್ನೋ ಚಿಕ್ಕಮ್ಮನನ್ನೋ ಗುರುತಿಸದೆ ಇರಲಾರರು. ನಿಮ್ಮ ಮನೆಯ ಹೆಣ್ಣುಮಗಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಏನಾದರೂ ಗೀಚುತ್ತಿದ್ದರೆ ತಡೆಯಬೇಡಿ. ಅವಳಿಗೊಂದು ಹೊಸ ನೋಟ್‌ಬುಕ್ ತಂದುಕೊಡಿ.

ಇನ್ನು ಹಜ್ಜ್‌ಗೋ ಉಮ್ರಾಗೋ ಹೊರಡಲಿರುವ ಸಹೋದರಿಯರಿಗೆ ಒಂದು ಮಾತು. ಯಾರು ಏನು ತರಲು ಹೇಳಿದರು, ಎಷ್ಟು ಹಣ ಕೊಟ್ಟರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆಗಿಡಿ. ಬಡವರ ಹೆಸರು ಎಲ್ಲಕ್ಕಿಂತ ಮೇಲಿರಲಿ. ತರಲು ಆಗದೆಂದು ಅನಿಸಿದರೆ ಹೊರಡುವ ಮೊದಲೇ ಹೇಳಿ, ಹಣ ಹಿಂದಿರುಗಿಸಿ. ಆಗ ಸ್ವಲ್ಪ ಬೇಸರವಾದೀತು, ಆದರೆ ಯಾರದೋ ಮಗ ಮಯ್ಯಿತ್ತಿನ ಮನೆಯಿಂದ ನಿಮ್ಮ ಬಾಗಿಲಿಗೆ ಬಂದು ನಿಲ್ಲುವ ಪರಿಸ್ಥಿತಿ ಬಾರದು.