ಭೂವಿಜ್ಞಾನ ಪದವಿ: ಮುಂದಿನ ದಾರಿ ಯಾವುದು?

ಹಾವೇರಿ: ಕಾಲಡಿಯ ಕಲ್ಲು, ಮಣ್ಣು, ಅಂತರ್ಜಲಗಳನ್ನು ಅಭ್ಯಸಿಸುವ ಭೂವಿಜ್ಞಾನಕ್ಕೂ ಜಿಲ್ಲೆಗೂ ಹಳೆಯ ನಂಟಿದೆ. ರಾಣೆಬೆನ್ನೂರು ಸುತ್ತಲಿನ, 250 ಕೋಟಿ ವರ್ಷಗಳಿಗೂ ಹಳೆಯ ಶಿಲಾಸಮೂಹವನ್ನು ತಜ್ಞರು ಆ ಊರಿನ ಹೆಸರಿನಿಂದಲೇ ಗುರುತಿಸುತ್ತಾರೆ. ಆದರೆ ಈ ವಿಷಯದಲ್ಲಿ ಪದವಿ ಪಡೆದವರಿಗೆ ಉದ್ಯೋಗವೆಲ್ಲಿ ಎಂಬುದು ಪೋಷಕರ ಪ್ರಶ್ನೆ.

ಮೊದಲು ತಿಳಿಯಬೇಕಾದುದು, ಕೇವಲ ಬಿ.ಎಸ್‌ಸಿ.ಯಿಂದ ಉನ್ನತ ಹುದ್ದೆಗಳು ದೊರೆಯವು. 1851ರಲ್ಲಿ ಸ್ಥಾಪನೆಗೊಂಡ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹಾಗೂ ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗವು ಪರೀಕ್ಷೆ ನಡೆಸುತ್ತದೆ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬ ಮೂರು ಹಂತಗಳ ಈ ಆಯ್ಕೆಗೆ ಸ್ನಾತಕೋತ್ತರ ಪದವಿ ಅಗತ್ಯ. ಎಂ.ಎಸ್‌ಸಿ. ವ್ಯಾಸಂಗಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸಮೀಪದಲ್ಲೇ ಇದೆ. ಐಐಟಿ ಸೇರಬಯಸುವವರು ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯಬೇಕು.

ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಹಟ್ಟಿ ಚಿನ್ನದ ಗಣಿ, ಸಂಡೂರು ತಾಲ್ಲೂಕಿನ ಕಬ್ಬಿಣದ ಅದಿರು ಗಣಿಗಳಲ್ಲಿ ಭೂವಿಜ್ಞಾನಿಗಳಿಗೆ ಕೆಲಸವಿದೆ. ಅದಿರಿನ ಮಾದರಿ ಸಂಗ್ರಹ, ನಕ್ಷೆ ರಚನೆ, ನಿಕ್ಷೇಪದ ಅಂದಾಜು ಅವರ ಹೊಣೆ.

ಊರಿನಲ್ಲಿಯೂ ಅವಕಾಶವುಂಟು. ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ನಂಬಿ ಕೊರೆಸಿದ ಕೊಳವೆಬಾವಿ ಬತ್ತಿದರೆ ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನಿಗೆ ಉಳಿಯುವುದು ಸಾಲ ಮಾತ್ರ. ಭೂವಿಜ್ಞಾನಿಯು ನೆಲದೊಳಗೆ ವಿದ್ಯುತ್ ಹಾಯಿಸಿ, ರೋಧವನ್ನು ಅಳೆದು, ನೀರಿರುವ ಶಿಲಾಬಿರುಕುಗಳನ್ನು ಅಂದಾಜಿಸುತ್ತಾನೆ. ಇದು ನೀರಿನ ಖಾತರಿಯಲ್ಲ. ಆದರೆ ವ್ಯರ್ಥ ಕೊರೆತವನ್ನು ತಗ್ಗಿಸಬಲ್ಲದು.

ಬಿಸಿಲಿನಲ್ಲಿ ಗುಡ್ಡ ಅಲೆಯುವ ಕ್ಷೇತ್ರಕಾರ್ಯ ಈ ವೃತ್ತಿಯಲ್ಲಿ ಅನಿವಾರ್ಯ. ಆದ್ದರಿಂದ ಅದಕ್ಕೆ ಸಿದ್ಧರಿರುವವರು ಎಂ.ಎಸ್‌ಸಿ.ವರೆಗಿನ ಐದು ವರ್ಷಗಳ ಓದನ್ನು ಲೆಕ್ಕಹಾಕಿಯೇ ಈ ವಿಷಯವನ್ನು ಆರಿಸಿಕೊಳ್ಳುವುದು ಒಳಿತು.